ಬೆಳಿಗ್ಗೆ ಸ್ಟಾರ್ಟ್ ಆಗದ ಹಳೆಯ ಕಾರು: ಬಳ್ಳಾರಿ ಸೀಮೆಯ ಮಾಲೀಕರಿಗೊಂದು ದೋಷ ನಿವಾರಣೆ ಕೈಪಿಡಿ

ಡಿಸೆಂಬರ್ ಬಂತೆಂದರೆ ಬಳ್ಳಾರಿಯಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬೊರೇಟರ್ (ಪೆಟ್ರೋಲು, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕಾಲದ ಮಾರುತಿ 800 ಇಟ್ಟುಕೊಂಡವರ ದೂರು ಒಂದೇ: ‘ಚಳಿಗೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ.’ ಚಳಿಯನ್ನು ದೂರುವುದು ಸುಲಭ. ಅದು ತಿರುಗಿ ಬಾಯಿ ಮಾಡುವುದಿಲ್ಲ. ಆದರೆ ನಮ್ಮ ಕಡೆಯ ಚಳಿ ಎಷ್ಟು? ಬೆಳಗಿನ ಜಾವ 15 ಡಿಗ್ರಿಯ ಆಸುಪಾಸು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ್ದು, ಪದ್ಮಿನಿ ಇಟಲಿಯ ಫಿಯೆಟ್ 1100ರ ಕುಡಿ, 800 ಜಪಾನಿನ ಸುಜುಕಿಯದು. ಹಿಮ ಬೀಳುವ ಊರುಗಳಲ್ಲಿ ಬೆಳಿಗ್ಗೆ ಏಳಲೆಂದೇ ಚೋಕ್ (ತಣ್ಣನೆಯ ಎಂಜಿನ್‌ಗೆ ಪೆಟ್ರೋಲಿನ ಪಾಲು ಹೆಚ್ಚಿಸುವ ವ್ಯವಸ್ಥೆ) ಕೊಟ್ಟು ಮಾಡಿದ ಎಂಜಿನ್‌ಗಳಿಗೆ ನಮ್ಮ ಚಳಿ ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ಹೇಗೋ ಮುಚ್ಚಿಹೋಗಿದ್ದ ದೋಷವನ್ನು ಅದು ಹೊರಗೆ ಎಳೆದು ತೋರಿಸುತ್ತದೆ, ಅಷ್ಟೇ. ಬಿಸಿಲಿಗೆ ಬಲ ಕಳೆದುಕೊಂಡ ಬ್ಯಾಟರಿ, ಪೆಟ್ರೋಲು ಆವಿಯಾಗಿ ಬರಿದಾದ ಬೌಲ್ (ಕಾರ್ಬೊರೇಟರಿನಲ್ಲಿ ಪೆಟ್ರೋಲು ನಿಲ್ಲುವ ಬಟ್ಟಲು), ಧೂಳು ತುಂಬಿದ ಏರ್ ಫಿಲ್ಟರ್ ಇವೇ ಇಲ್ಲಿನ ನಿಜವಾದ ಅಪರಾಧಿಗಳು.

ಆದ್ದರಿಂದ ಮೊದಲ ಮಾತು: ಕಾರ್ಬೊರೇಟರ್ ಬಿಚ್ಚಬೇಡಿ. ‘ಒಂದು ಸಲ ಕಾರ್ಬೊರೇಟರ್ ಕ್ಲೀನ್ ಮಾಡಿಬಿಡೋಣ’ ಎಂಬ ಸಲಹೆ ಯಾರಿಂದ ಬಂದರೂ ಅದನ್ನು ಕೊನೆಗೆ ಇಡಿ. ಎಂಜಿನ್ ಹತ್ತಲು ಬೇಕಾದದ್ದು ಸಾಕಷ್ಟು ವೇಗದ ಸುತ್ತು, ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಪ್ರಮಾಣದ ಪೆಟ್ರೋಲು ಮತ್ತು ಗಾಳಿ. ಯಾವುದು ಇಲ್ಲವೆಂದು ಗೊತ್ತಾಗುವ ಮೊದಲು ಸ್ಕ್ರೂಡ್ರೈವರ್ ಹಿಡಿದರೆ ಒಂದಿದ್ದ ದೋಷ ಎರಡಾಗುತ್ತದೆ.

ಬಾನೆಟ್ ಎತ್ತುವ ಮುನ್ನ

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಚೋಕ್ ಎಳೆದಾಗ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚಿರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೈಗೆಟಕುವಲ್ಲಿ ಒಣಪುಡಿಯ ಅಗ್ನಿಶಾಮಕ ಇರಲಿ, ಇಲ್ಲದಿದ್ದರೆ ಒಂದು ಬಕೆಟ್ ಮರಳಾದರೂ ಇರಲಿ. ಪೆಟ್ರೋಲಿನ ಬೆಂಕಿಗೆ ನೀರು ಹಾಕಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಏರ್ ಫಿಲ್ಟರ್ ತೆಗೆದು, ಬಾಟಲಿಯ ಮುಚ್ಚಳದಲ್ಲಿ ಪೆಟ್ರೋಲು ಹಿಡಿದು ಕಾರ್ಬೊರೇಟರ್ ಬಾಯಿಗೆ ಸುರಿಯುವುದು, ಅದೇ ಹೊತ್ತಿಗೆ ಇನ್ನೊಬ್ಬರು ಸೆಲ್ಫ್ ಹೊಡೆಯುವುದು ನಮ್ಮಲ್ಲಿ ಬೀದಿ ಬೀದಿಯಲ್ಲೂ ಕಾಣುವ ದೃಶ್ಯ. ಕಿಡಿಯ ಟೈಮಿಂಗ್ ಸ್ವಲ್ಪ ಏರುಪೇರಾಗಿದ್ದರೂ ಎಂಜಿನ್ ಹಿಂದಕ್ಕೆ ಸಿಡಿಯುತ್ತದೆ, ಜ್ವಾಲೆ ಅದೇ ಬಾಯಿಂದ ಹೊರಬರುತ್ತದೆ. ಅಲ್ಲಿ ಬಾಗಿ ನೋಡುತ್ತಿರುವ ಮುಖ ನಿಮ್ಮದಾಗಿರುತ್ತದೆ. ಬೇಡ.

ಲಕ್ಷಣ: ‘ಟಿಕ್’ ಎಂದು ಸುಮ್ಮನಾಗುತ್ತದೆ, ಅಥವಾ ಎಂಜಿನ್ ನರಳುತ್ತಾ ಸುತ್ತುತ್ತದೆ

ಇದಕ್ಕೂ ಕಾರ್ಬೊರೇಟರಿಗೂ ಸಂಬಂಧವಿಲ್ಲ. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ಕುಸಿದರೆ ಬ್ಯಾಟರಿ ಖಾಲಿಯಾಗಿದೆ ಅಥವಾ ಟರ್ಮಿನಲ್ ಕೆಟ್ಟಿದೆ. ಬೆಳಕು ಹಾಗೆಯೇ ಇದ್ದು ಬರೀ ಟಿಕ್ ಎಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು), ಸೆಲ್ಫ್ ಮೋಟಾರ್ ಅಥವಾ ಅವುಗಳಿಗೆ ಹೋಗುವ ದಪ್ಪ ವೈರ್ ನೋಡಬೇಕು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಹಿಟ್ಟು ಕಟ್ಟಿದ್ದರೆ ಮೊದಲು ಅರ್ಥ್ ಕಡೆಯ (ಗಾಡಿಯ ಮೈಗೆ ಹೋಗುವ) ವೈರ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಲಿ. ಒರೆಸಿ ಒಣಗಿಸಿ, ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ. ಇದಕ್ಕೆ ಖರ್ಚು ಹತ್ತು ರೂಪಾಯಿಯೂ ಆಗುವುದಿಲ್ಲ, ಆದರೆ ‘ಚಳಿ ರೋಗ’ದ ದೊಡ್ಡ ಪಾಲು ಇಲ್ಲೇ ವಾಸಿಯಾಗುತ್ತದೆ. ಎಂಜಿನ್‌ಗೂ ಬಾಡಿಗೂ ನಡುವೆ ಇರುವ ಹೆಣೆದ ಅರ್ಥ್ ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ. ಗ್ರೀಸು, ಧೂಳು ಸೇರಿ ಅದು ಕಪ್ಪಾಗಿ ಕೂತಿರುತ್ತದೆ. ಬಿಚ್ಚಿ ಎರಡೂ ತುದಿಗಳನ್ನು ಉಜ್ಜಿ ಹಾಕಿ.

ಮಲ್ಟಿಮೀಟರ್ ಇದ್ದರೆ ರಾತ್ರಿಯಿಡೀ ನಿಂತ ಬ್ಯಾಟರಿಯನ್ನು ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯುಸ್ಸು ಮುಗಿಯುತ್ತಾ ಬಂದಿದೆ. ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬ್ಯಾಟರಿಯ ಒಳಗಿನ ತಟ್ಟೆಗಳನ್ನು ಸವೆಸುವುದು ಆ ಬಿಸಿಲು. ಚಳಿಗಾಲದಲ್ಲಿ ಫಲಿತಾಂಶ ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡದವರು ಡಿಸೆಂಬರಿನಲ್ಲಿ ಗಾಡಿ ತಳ್ಳುತ್ತಾರೆ.

ಜಂಪರ್ ವೈರ್ ಹಾಕುವಾಗ ಎಚ್ಚರ. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವನ್ನು ಗಾಡಿಯ ಮೈಗೆ ಕೊಟ್ಟಿರುತ್ತಾರೆ. ಬ್ಯಾಟರಿಯ ಯಾವ ಕಂಬದ ವೈರ್ ಗಾಡಿಯ ಮೈಗೆ ಹೋಗಿದೆ ಎಂದು ಕಣ್ಣಾರೆ ನೋಡದೆ ಜೋಡಿಸಬಾರದು. ಕೊನೆಯ ಕ್ಲಿಪ್ಪನ್ನು ಬ್ಯಾಟರಿಯ ಮೇಲಲ್ಲ, ಅದರಿಂದ ದೂರದ ಎಂಜಿನ್ ಲೋಹದ ಮೇಲೆ ಹಾಕಿ. ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಬ್ಯಾಟರಿಯ ಹೊಟ್ಟೆ ಉಬ್ಬಿದ್ದರೆ, ಸೋರುತ್ತಿದ್ದರೆ ಜಂಪರ್ ಸಹವಾಸವೇ ಬೇಡ.

ಹ್ಯಾಂಡಲ್ ಹಾಕಿ ತಿರುಗಿಸುವ ಗಾಡಿಯಾದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಹ್ಯಾಂಡಲನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದರೆ ಎಂಜಿನ್ ಹಿಂದಕ್ಕೆ ಒದ್ದಾಗ ಹೆಬ್ಬೆರಳು ಮುರಿಯುತ್ತದೆ.

ಲಕ್ಷಣ: ಎಂಜಿನ್ ಚೆನ್ನಾಗಿ ಸುತ್ತುತ್ತದೆ, ಹತ್ತುವುದಿಲ್ಲ, ಪೆಟ್ರೋಲಿನ ವಾಸನೆಯೂ ಇಲ್ಲ

ಎರಡು ಮೂರು ದಿನ ನಿಂತ ಗಾಡಿಗೆ ಇದು ಸಾಮಾನ್ಯ. ಕಾರ್ಬೊರೇಟರ್ ಬೌಲಿಗೆ ಗಾಳಿಯಾಡುವ ರಂಧ್ರ ಇರುತ್ತದೆ. ಬಿಸಿ ಎಂಜಿನ್ ಮೇಲೆ ಕೂತ ಬೌಲಿನ ಪೆಟ್ರೋಲು ಅದರ ಮೂಲಕ ಆವಿಯಾಗಿ ಹೋಗುತ್ತದೆ. ತಗಡಿನ ಶೆಡ್ಡಿನಲ್ಲಿ ನಿಂತ ಗಾಡಿಗಂತೂ ಚಳಿಗಾಲದ ಮಧ್ಯಾಹ್ನದ ಬಿಸಿಲೇ ಸಾಕು. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಮೊದಲ ಕೆಲವು ಸೆಕೆಂಡು ಪಂಪ್ ಆ ಖಾಲಿ ಬೌಲನ್ನು ತುಂಬಬೇಕು. ಒಂದೇ ಉಸಿರಿಗೆ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಐದಾರು ಸೆಕೆಂಡು ಹೊಡೆದು ಅರ್ಧ ನಿಮಿಷ ಬಿಡಿ. ಎಂಜಿನ್ ಪಕ್ಕದ ಎಸಿ ಪಂಪಿನ (ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪು) ಕೆಳಗೆ ಕೈಯಿಂದ ಒತ್ತುವ ಚಿಕ್ಕ ಲಿವರ್ ಇದ್ದರೆ ಅದನ್ನೇ ಒತ್ತಿ ಬೌಲ್ ತುಂಬಿಸಿಕೊಳ್ಳಿ. ಲಿವರ್ ಹಿಡಿತವಿಲ್ಲದೆ ಅಲ್ಲಾಡಿದರೆ ಪಂಪ್ ಕೆಟ್ಟಿದೆ ಎನ್ನಬೇಡಿ. ಒಳಗಿನ ಕ್ಯಾಮ್ ಮೇಲೆದ್ದು ನಿಂತಿರಬಹುದು. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ.

ಇದರ ಜೊತೆಗೇ ಚೋಕ್ ನೋಡಿ. ಡ್ಯಾಶ್‌ಬೋರ್ಡಿನ ಗುಂಡಿ ಹೊರಗೆ ಬಂದ ಮಾತ್ರಕ್ಕೆ ಚೋಕ್ ಕೆಲಸ ಮಾಡಿತು ಎಂದಲ್ಲ. ಒಬ್ಬರು ಗುಂಡಿ ಎಳೆಯಲಿ, ಇನ್ನೊಬ್ಬರು ಎಂಜಿನ್ ನಿಂತಿರುವಾಗಲೇ ಕಾರ್ಬೊರೇಟರ್ ನೋಡಲಿ. ಮಾರುತಿ 800ರಲ್ಲಿ ಬಾಯಿಯ ಮೇಲಿನ ತಟ್ಟೆ ಪೂರ್ತಿ ಮುಚ್ಚಬೇಕು. ಅಂಬಾಸಿಡರಿಗೆ ಎಸ್‌ಯು ಕಂಪನಿಯ ಕಾರ್ಬೊರೇಟರ್ ಇದ್ದರೆ ಅಲ್ಲಿ ತಟ್ಟೆಯೇ ಇಲ್ಲ. ಚೋಕ್ ಎಳೆದಾಗ ಕೆಳಗಿನ ಜೆಟ್ (ಪೆಟ್ರೋಲು ಬರುವ ಕಿರುರಂಧ್ರದ ನಳಿಕೆ) ಇಳಿದು ದಾರಿ ಅಗಲವಾಗಬೇಕು. ಸೋಲೆಕ್ಸ್ ಕಂಪನಿಯ ಹಲವು ಕಾರ್ಬೊರೇಟರುಗಳಲ್ಲಿ ತಟ್ಟೆಯ ಬದಲು ಪಕ್ಕದಲ್ಲೊಂದು ಪ್ರತ್ಯೇಕ ಸ್ಟಾರ್ಟರ್ ದಾರಿ ಇರುತ್ತದೆ. ಕೇಬಲ್ ಸಡಿಲವಾಗಿ ಅರ್ಧಕ್ಕೇ ನಿಲ್ಲುವುದು ಎಲ್ಲದರಲ್ಲೂ ಇರುವ ಕಾಯಿಲೆ, ಒಂದು ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು.

ಎಲ್ಲರೂ ಎಡವುವ ಜಾಗ ಇಲ್ಲಿದೆ. ಸ್ಟಾರ್ಟರ್ ದಾರಿ ಇರುವ ಸೋಲೆಕ್ಸ್ ಕೆಲಸ ಮಾಡುವುದು ಆಕ್ಸಿಲರೇಟರ್ ಮುಚ್ಚಿದ್ದಾಗ ಮಾತ್ರ. ಎಂಜಿನ್ನಿನ ಸೆಳೆತ ಆ ಪಕ್ಕದ ದಾರಿಯಿಂದ ಪೆಟ್ರೋಲನ್ನು ಎಳೆಯಬೇಕು. ನೀವು ಕಾಲಿಟ್ಟ ಕೂಡಲೇ ಸೆಳೆತ ದೊಡ್ಡ ಬಾಗಿಲಿಗೆ ತಿರುಗಿ ಚೋಕ್ ನಿಷ್ಪ್ರಯೋಜಕವಾಗುತ್ತದೆ. ಚೋಕ್ ಪೂರ್ತಿ ಎಳೆದು, ಕಾಲು ತೆಗೆದು, ಸೆಲ್ಫ್ ಹೊಡೆಯಿರಿ. ‘ರೇಸ್ ಕೊಟ್ಟರೇ ಹತ್ತುವುದು’ ಎಂದು ವಾದಿಸುವವರು ಒಂದು ಬೆಳಿಗ್ಗೆ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಪ್ರಯತ್ನಿಸಲಿ.

ಆಕ್ಸಿಲರೇಟರ್ ಪಂಪ್ (ಆಕ್ಸಿಲರೇಟರ್ ತುಳಿದಾಗ ಪೆಟ್ರೋಲು ಚಿಮ್ಮಿಸುವ ಭಾಗ) ಇರುವ ಕಾರ್ಬೊರೇಟರಾದರೆ, ಎಂಜಿನ್ ನಿಲ್ಲಿಸಿ, ಕೀ ತೆಗೆದು, ಏರ್ ಫಿಲ್ಟರ್ ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿ. ಕೈಯಿಂದ ಲಿವರ್ ತಿರುಗಿಸಿದಾಗ ಸಣ್ಣ ನಳಿಕೆಯಿಂದ ಪೆಟ್ರೋಲಿನ ಎಳೆ ಚಿಮ್ಮಿದರೆ ಬೌಲಿನಲ್ಲಿ ಪೆಟ್ರೋಲಿದೆ. ಚಿಮ್ಮದಿದ್ದರೆ ದೋಷ ಕಾರ್ಬೊರೇಟರಿಗಿಂತ ಹಿಂದೆ, ಟ್ಯಾಂಕಿನ ಕಡೆ ಇರುವ ಸಾಧ್ಯತೆ ಹೆಚ್ಚು. ಎಸ್‌ಯುನಲ್ಲಿ ಆ ಪಂಪೇ ಇಲ್ಲ, ಹಾಗಾಗಿ ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ.

ಮುಂದಿನದು ಹೋಸ್. ಕಾರ್ಬೊರೇಟರಿಗೆ ಹೋಗುವ ಪೆಟ್ರೋಲ್ ಹೋಸನ್ನು ತೆಗೆದು ಬಾಟಲಿಯೊಳಗೆ ಇಳಿಸಿ, ಕಾಯಿಲ್‌ಗೆ ಕರೆಂಟ್ ಕೊಡುವ ತೆಳುವಾದ ವೈರ್ ಕಳಚಿ, ಆಮೇಲೆ ಸೆಲ್ಫ್ ಹೊಡೆಯಿರಿ. ಕಿಡಿಯೇ ಹುಟ್ಟಬಾರದು ಎಂಬುದಕ್ಕೆ ಆ ವೈರ್ ತೆಗೆಯುವುದು. ಪೆಟ್ರೋಲು ತಡೆತಡೆದು ಧಾರಾಳವಾಗಿ ಬಂದರೆ ಪಂಪ್ ಸರಿಯಿದೆ. ಗುಳ್ಳೆಗಳೇ ಬಂದರೆ ಟ್ಯಾಂಕಿನಿಂದ ಪಂಪಿನ ತನಕ ಎಲ್ಲೋ ಹೋಸ್ ಬಿರಿದು ಗಾಳಿ ಎಳೆಯುತ್ತಿದೆ. ಅಂಥ ಬಿರುಕಿನಿಂದ ಪೆಟ್ರೋಲು ಹೊರಗೆ ಸೋರದೇ ಇರಬಹುದು, ಆದ್ದರಿಂದ ಕಣ್ಣಿಗೆ ಕಾಣದೆ ಮೋಸ ಮಾಡುತ್ತದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಹೋಸ್, ಪಂಪಿನ ಒಳಗಿನ ಪೊರೆಯಾದ ಡಯಾಫ್ರಂ ಅದಕ್ಕೆ ತಾಳುವುದಿಲ್ಲ. ಮೆತ್ತಗಾಗುತ್ತವೆ ಅಥವಾ ಗರಿಯಾಗಿ ಬಿರಿಯುತ್ತವೆ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು, ಅದರ ಜೊತೆಗೆ ಹಳೆಯ ಜೆಟ್ಟಿನ ಅಳತೆಗೆ ಈ ಪೆಟ್ರೋಲು ತುಸು ತೆಳುವಾದ ಮಿಶ್ರಣ ಕೊಡುತ್ತದೆ. ಹಾಗಾಗಿ ಮೊದಲು ಅರ್ಧ ಚೋಕಿಗೆ ಎದ್ದ ಗಾಡಿ ಈಗ ಪೂರ್ತಿ ಚೋಕ್ ಕೇಳಿದರೆ ಅದು ದೋಷವಲ್ಲ. ಎಥೆನಾಲ್ ತಾಳುವ ಹೋಸ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಟ್ಯಾಂಕ್ ಅರ್ಧ ಮಾಡಿ ಬಿಡಬೇಡಿ. ಖಾಲಿ ಜಾಗದ ತೇವವನ್ನು ಎಥೆನಾಲ್ ಹೀರಿಕೊಳ್ಳುತ್ತದೆ, ನೀರು ಹೆಚ್ಚಾದಾಗ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ.

ನಿಲ್ಲಿಸಬೇಕಾದ ಗುರುತು: ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್‌ಗೆ ಪೆಟ್ರೋಲಿನ ವಾಸನೆ ಇದ್ದು ಮಟ್ಟವೂ ಏರಿದ್ದರೆ ಪಂಪಿನ ಡಯಾಫ್ರಂ ಹರಿದು ಪೆಟ್ರೋಲು ಎಂಜಿನ್ ಒಳಗೆ ಇಳಿಯುತ್ತಿರಬಹುದು. ಮತ್ತೆ ಸೆಲ್ಫ್ ಹೊಡೆಯಬೇಡಿ. ಪಂಪ್ ಸರಿಪಡಿಸಿ, ಆಯಿಲ್ ಬದಲಿಸಿದ ಮೇಲೆಯೇ ಮುಂದಿನ ಮಾತು.

ಲಕ್ಷಣ: ಪೆಟ್ರೋಲಿನ ಗಾಢ ವಾಸನೆ, ಒದ್ದೆಯಾದ ಪ್ಲಗ್, ಕಪ್ಪು ಹೊಗೆ

ಎಂಜಿನ್‌ಗೆ ಪೆಟ್ರೋಲು ಹೆಚ್ಚಾಗಿದೆ. ಚೋಕ್ ಒಳಗೆ ತಳ್ಳಿ, ಹತ್ತು ನಿಮಿಷ ಬಿಡಿ. ನಂತರ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಒತ್ತಿ ಹಿಡಿಯಿರಿ, ತುಳಿಯುತ್ತಾ ಇರಬೇಡಿ. ಪ್ರತಿ ತುಳಿತಕ್ಕೂ ಇನ್ನಷ್ಟು ಪೆಟ್ರೋಲು ಒಳಗೆ ಬೀಳುತ್ತದೆ. ಹತ್ತಿದ ಕೂಡಲೇ ಕಾಲು ಸಡಿಲಿಸಿ.

ಪ್ರತಿದಿನ ಹೀಗೇ ಆದರೆ ಏರ್ ಫಿಲ್ಟರ್ ತೆಗೆಯಿರಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಫಿಲ್ಟರಿನಲ್ಲಿ ಅದಿರಿನ ಕೆಂಪು ಧೂಳು, ಗಂಗಾವತಿ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹೊಟ್ಟಿನ ಪುಡಿ, ಶಕ್ತಿನಗರ, ಕುಡತಿನಿ ಕಡೆ ಹಾರುಬೂದಿ. ಮೂರೂ ಸೇರಿದ ಫಿಲ್ಟರುಗಳೂ ಇವೆ. ಗಾಳಿ ಕಟ್ಟಿದ ಎಂಜಿನ್‌ಗೆ ಚೋಕ್ ಎಳೆಯದೆಯೇ ಚೋಕ್ ಎಳೆದಂತಾಗಿರುತ್ತದೆ. ಕೈಪಿಡಿಯಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಇಂಥ ರಸ್ತೆಗಳಿಗೆ ಅನ್ವಯಿಸುವುದಿಲ್ಲ, ಅದರ ಅರ್ಧಕ್ಕೇ ಬದಲಿಸಿ. ಕಾಗದದ ಫಿಲ್ಟರಿಗೆ ಕಂಪ್ರೆಸರ್ ಗಾಳಿಯನ್ನು ಒಳಗಿನಿಂದ ಹೊರಕ್ಕೆ, ದೂರದಿಂದ ಹಿಡಿಯಿರಿ. ಹತ್ತಿರ ಹಿಡಿದರೆ ಕಾಗದ ಹರಿಯುತ್ತದೆ, ಹರಿದ ಫಿಲ್ಟರಿನಿಂದ ಒಳಹೋದ ಅದಿರಿನ ಧೂಳು ಸಿಲಿಂಡರನ್ನು ಉಜ್ಜಿ ತಿನ್ನುತ್ತದೆ.

ಫಿಲ್ಟರ್ ಸ್ವಚ್ಛವಾಗಿದ್ದರೂ ಕಾರ್ಬೊರೇಟರಿನಿಂದ ಪೆಟ್ರೋಲು ತುಳುಕುತ್ತಿದ್ದರೆ ಈಗ ಬೌಲ್ ತೆರೆಯಬಹುದು. ತಳದಲ್ಲಿ ಕುಂಕುಮದಂತಹ ನುಣುಪಾದ ಕೆಂಪು ಪುಡಿ ಕೂತಿದ್ದರೆ ‘ಗಣಿ ಧೂಳು’ ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಬಹುಮಟ್ಟಿಗೆ ಅದು ಧೂಳಲ್ಲ, ಟ್ಯಾಂಕಿನ ತುಕ್ಕು. ಗಾಳಿಯ ಜೊತೆ ಬಂದದ್ದು ಕಾರ್ಬೊರೇಟರ್ ಬಾಯಿಯ ಗೋಡೆಗೆ, ಗಾಳಿ ಜೆಟ್ಟುಗಳಿಗೆ ಅಂಟಿರುತ್ತದೆ. ಬೌಲಿನ ತಳಕ್ಕೆ ಬರುವುದು ಪೆಟ್ರೋಲಿನ ದಾರಿಯಲ್ಲಿ. ಈ ವ್ಯತ್ಯಾಸ ಗೊತ್ತಿಲ್ಲದೆ ಬೌಲ್ ಮಾತ್ರ ತೊಳೆದವರ ಗಾಡಿ ತಿಂಗಳೊಳಗೆ ಮತ್ತೆ ತುಳುಕುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ಪಂಪಿನ ಮುಂಚೆ ಒಂದು ಪಾರದರ್ಶಕ ಫಿಲ್ಟರ್ ಹಾಕಿಸಿ. ಟ್ಯಾಂಕಿಗೆ ವೆಲ್ಡಿಂಗ್ ಬೇಕಿದ್ದರೆ ಅದನ್ನೇ ಕಸುಬಾಗಿ ಮಾಡುವವರಿಗೆ ಕೊಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಒಳಗಿನ ಆವಿ ಸಿಡಿಯುತ್ತದೆ.

ಒಂದು ಕಣ ತುಕ್ಕು ಬೌಲಿಗೆ ಪೆಟ್ರೋಲು ಬಿಟ್ಟು ನಿಲ್ಲಿಸುವ ನೀಡಲ್ ವಾಲ್ವಿನಲ್ಲಿ ಸಿಕ್ಕಿದರೂ ಬೌಲ್ ತುಂಬಿ ಹರಿಯುತ್ತದೆ. ನೀಡಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಸುತ್ತ ಉಂಗುರದಂತೆ ಗೆರೆ ಬಿದ್ದಿದ್ದರೆ ಸೀಟಿನ ಸಮೇತ ಬದಲಿಸಿ. ಬೌಲಿನಲ್ಲಿ ತೇಲುವ ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಪೆಟ್ರೋಲು ಕುಲುಕಿದರೆ ಅದು ತೂತಾಗಿದೆ.

ಲಕ್ಷಣ: ಪ್ಲಗ್ ಒದ್ದೆಯಾಗಿದೆ, ಪೆಟ್ರೋಲು ಹೆಚ್ಚಾಗಿಲ್ಲ, ಆದರೂ ಹತ್ತುವುದಿಲ್ಲ

ಕರೆಂಟ್ ನೋಡಿ. ಹೆಚ್ಚುವರಿ ಪ್ಲಗ್ ಒಂದನ್ನು ವೈರಿಗೆ ಸಿಕ್ಕಿಸಿ, ಹಿಡಿಕೆಗೆ ರಬ್ಬರ್ ಇರುವ ಇಕ್ಕಳದಲ್ಲಿ ಹಿಡಿದು ಎಂಜಿನ್ ಲೋಹಕ್ಕೆ ತಾಗಿಸಿ, ಸೆಲ್ಫ್ ಹೊಡೆಸಿ. ಎಂಜಿನ್ನಿನ ಪ್ಲಗ್‌ಗಳು ಅವುಗಳ ಜಾಗದಲ್ಲೇ ಇರಲಿ. ತೆರೆದ ರಂಧ್ರದಿಂದ ಚಿಮ್ಮುವ ಪೆಟ್ರೋಲಿಗೆ ಈ ಕಿಡಿ ತಗುಲಬಾರದು. ಹೃದಯಕ್ಕೆ ಪೇಸ್‌ಮೇಕರ್ ಇರುವವರು ಈ ಕೆಲಸದಿಂದ ದೂರವಿರಲಿ. ನೀಲಿ ಬಣ್ಣದ, ಚಟಪಟ ಸದ್ದಿನ ಕಿಡಿ ಒಳ್ಳೆಯದು. ಹಳದಿ ಬಣ್ಣದ ಸಣಕಲು ಕಿಡಿ ಬಂದರೆ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಬಿಡುವ ಸಂಪರ್ಕ), ಅದರ ಜೊತೆಗಿರುವ ಕಂಡೆನ್ಸರ್ ಅಥವಾ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ದುರ್ಬಲವಾಗಿದೆ.

ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ, ಸಿರುಗುಪ್ಪ, ಕಾರಟಗಿ ಕಡೆ, ಚಳಿಗಾಲದ ಬೆಳಿಗ್ಗೆ ಮಂಜು ಇಳಿಯುತ್ತದೆ. ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಮುಚ್ಚಳದ ಒಳಗೆ ತೇವ ಕೂತರೆ ಕರೆಂಟ್ ಪ್ಲಗ್ ತನಕ ಹೋಗದೆ ದಾರಿಯಲ್ಲೇ ಸೋರುತ್ತದೆ. ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಒಳಗೆ ಪೆನ್ಸಿಲಿನಿಂದ ಗೀಚಿದಂತೆ ಕಪ್ಪು ಗೆರೆ ಕಂಡರೆ ಮುಚ್ಚಳ ಬಿರುಕು ಬಿಟ್ಟಿದೆ, ಒರೆಸಿ ಪ್ರಯೋಜನವಿಲ್ಲ. ನಸುಕಿನ ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ಹಳೆಯ ಪ್ಲಗ್ ವೈರುಗಳ ಮೇಲೆ ನೀಲಿ ಮಿಂಚು ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಪಾಯಿಂಟುಗಳ ಅಂತರ ಈ ಗಾಡಿಗಳಲ್ಲಿ ಸುಮಾರು 0.4 ಮಿಮೀ, ಪ್ಲಗ್ಗಿನದು 0.6ರಿಂದ 0.8 ಮಿಮೀ ನಡುವೆ; ನಿಖರ ಅಂಕಿಗೆ ನಿಮ್ಮ ಗಾಡಿಯ ಕೈಪಿಡಿಯೇ ಪ್ರಮಾಣ. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ. ಎರಡನ್ನೂ ಒಟ್ಟಿಗೆ ಬದಲಿಸುವುದು ಒಳ್ಳೆಯದು.

ಲಕ್ಷಣ: ಹತ್ತುತ್ತದೆ, ಮರುಕ್ಷಣವೇ ಆರುತ್ತದೆ

ಯಾವ ಕ್ಷಣಕ್ಕೆ ಆರುತ್ತದೆ ಎಂಬುದರಲ್ಲೇ ಉತ್ತರವಿದೆ. ಸೆಲ್ಫ್ ಹೊಡೆಯುವಾಗ ಹತ್ತಿ, ಕೀ ಬಿಟ್ಟೊಡನೆ ಆರಿದರೆ ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಅಥವಾ ಕೀ ಸ್ವಿಚ್ಚಿನ ಕಡೆ ನೋಡಿ. ಬ್ಯಾಲಸ್ಟ್ ಇರುವ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಕರೆಂಟ್ ಅದನ್ನು ಬಳಸಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತದೆ, ಕೀ ಬಿಟ್ಟ ಮೇಲೆ ಅದರ ಮೂಲಕವೇ ಹೋಗಬೇಕು.

ಚೋಕ್ ಇರುವ ತನಕ ಓಡಿ, ಎಂಜಿನ್ ಬಿಸಿಯಾದ ಮೇಲೂ ಚೋಕ್ ಒಳಗೆ ತಳ್ಳಿದಾಗ ಆರಿದರೆ ಎಲ್ಲೋ ಹೆಚ್ಚುವರಿ ಗಾಳಿ ಸೇರುತ್ತಿದೆ, ಅಥವಾ ಐಡ್ಲಿಂಗ್ ಜೆಟ್ (ಕಾಲಿಡದೆ ಓಡುವಾಗ ಪೆಟ್ರೋಲು ಕೊಡುವ ಜೆಟ್) ಕಟ್ಟಿದೆ. ಓಡುತ್ತಿರುವ ಎಂಜಿನ್ನಿನ ಕಾರ್ಬೊರೇಟರ್ ಬುಡ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಹೋಸ್ ಇವುಗಳ ಮೇಲೆ ಸ್ವಲ್ಪ ಸೋಪಿನ ನೀರು ಚಿಮುಕಿಸಿ. ಎಂಜಿನ್ನಿನ ಸದ್ದು ಬದಲಾದ ಕಡೆ ಸೋರಿಕೆ ಇದೆ. ಡೆಲ್ಕೋ ಮೇಲೆ ನೀರು ಬೀಳದಿರಲಿ. ನೀರಿನ ಬದಲು ಪೆಟ್ರೋಲು ಚಿಮುಕಿಸುವ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡಿ. ಜೆಟ್ಟನ್ನು ಗಾಳಿ ಊದಿ ಸ್ವಚ್ಛಗೊಳಿಸಬೇಕೇ ಹೊರತು ತಂತಿ ಚುಚ್ಚಬಾರದು. ಒಮ್ಮೆ ಅಗಲವಾದ ಹಿತ್ತಾಳೆ ಮತ್ತೆ ಕಿರಿದಾಗುವುದಿಲ್ಲ.

ಎಸ್‌ಯು ಇರುವವರು ಎಣ್ಣೆ ಡ್ಯಾಂಪರ್ ನೋಡಿಕೊಳ್ಳಿ. ಗಂಟೆಯಾಕಾರದ ಭಾಗದ ಮೇಲಿನ ಮುಚ್ಚಳ ಬಿಚ್ಚಿದರೆ ಒಳಗೆ ತೆಳು ಎಣ್ಣೆ ಇರಬೇಕು. ಅದು ಒಣಗಿದ್ದರೆ ತಣ್ಣನೆಯ ಎಂಜಿನ್ ರೇಸ್ ಕೊಟ್ಟೊಡನೆ ಸೀನಿ ನಿಲ್ಲುತ್ತದೆ.

ಬೆಳಿಗ್ಗೆ ಸರಿಯಾಗಿ ಎದ್ದು, ಮಧ್ಯಾಹ್ನ ಸಂತೆಯಲ್ಲಿ ಅರ್ಧ ಗಂಟೆ ನಿಂತ ಮೇಲೆ ಹತ್ತದಿರುವುದು ಬೇರೆಯೇ ಕಾಯಿಲೆ. ಬಿಸಿಗೆ ಪೆಟ್ರೋಲು ಆವಿಯಾಗಿ ಪಂಪ್ ಕಟ್ಟುತ್ತದೆ. ಅದಕ್ಕೆ ಚೋಕ್ ಮದ್ದಲ್ಲ.

ಮಿಸ್ತ್ರಿಗೆ ಬಿಡಬೇಕಾದದ್ದು

ಹತ್ತಿದ ಮೇಲೆ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಾ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ರಾತ್ರಿ ಸಿಲಿಂಡರಿಗೆ ನೀರು ಇಳಿದಿರುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ ಗಟ್ಟಿಯಾಗಿ ತಡೆದು ನಿಂತರೆ ಬಲವಂತ ಮಾಡಬೇಡಿ. ತಳ್ಳಲೂಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಿಡಿ, ಪೆಟ್ರೋಲು, ಗಾಳಿ ಎಲ್ಲ ಸರಿಯಿದ್ದೂ ಹತ್ತದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಈ ಎರಡು ಅಂಕಿಗಳನ್ನು ಬರೆಸಿಕೊಳ್ಳದೆ ಎಂಜಿನ್ ಇಳಿಸಲು ಒಪ್ಪಬೇಡಿ.

ಇಷ್ಟೆಲ್ಲ ಆದ ಮೇಲೂ ಕಾರ್ಬೊರೇಟರಿನ ಮಿಶ್ರಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ಮುಟ್ಟಲೇಬೇಕೆಂದರೆ, ಮೊದಲು ಅದನ್ನು ಮೆಲ್ಲಗೆ ಮುಚ್ಚುತ್ತಾ ಎಷ್ಟು ಸುತ್ತಿಗೆ ಕೂತಿತು ಎಂದು ಎಣಿಸಿ ಬರೆದಿಡಿ. ಬಿಗಿದು ಕೂರಿಸಿದರೆ ತುದಿಯ ಮೊನೆ ಕೆಡುತ್ತದೆ. ಹೊಂದಿಸುವ ಕೆಲಸ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಚೋಕ್ ಒಳಗಿರುವಾಗ ಮಾತ್ರ ಮಾಡಿ. ಫಲ ಸಿಗದಿದ್ದರೆ ಬರೆದಿಟ್ಟ ಸುತ್ತಿಗೇ ತಂದು ನಿಲ್ಲಿಸಿ.